ಇಟಗಿ ಸರ್ ಅವರ ಕೆಂಪು ಗೀಟು

ಇಟಗಿ ಸರ್ ಎದುರಿಗೆ ನಿಂತವರ ಜೊತೆ ಮಾತಾಡುವಾಗ ಎಡಗಣ್ಣು ಮುಚ್ಚುತ್ತಿದ್ದರು. ಕಣ್ಣು ಹೊಡೆಯುವುದಲ್ಲ ಅದು. ಅಂಗಡಿಯ ಷಟರ್ ಎಳೆದ ಹಾಗೆ ಎಡ ರೆಪ್ಪೆ ನಿಧಾನವಾಗಿ ಕೆಳಗಿಳಿಯುತ್ತಿತ್ತು, ಬಲಗಣ್ಣು ನಮ್ಮ ಹುಬ್ಬುಗಳ ನಡುವೆ ಬಂದು ನಿಲ್ಲುತ್ತಿತ್ತು. ಮಾತು ಮುಗಿಯುವವರೆಗೆ ಅದು ಅಲ್ಲಿಂದ ಕದಲುತ್ತಿರಲಿಲ್ಲ. ಇಷ್ಟವಾದವರನ್ನು ಅವರು ಎರಡೂ ಕಣ್ಣಿನಿಂದ ನೋಡುತ್ತಾರೆ ಎಂದು ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ಹೇಳುತ್ತಿದ್ದರು. ಅಂಥವರು ಯಾರು ಎಂದು ಕೇಳಿದರೆ ಯಾರಿಗೂ ಒಂದು ಹೆಸರೂ ಹೊಳೆಯುತ್ತಿರಲಿಲ್ಲ.

ನಾನು ದಿನಚರಿ ಬರೆಯುವವಳು. ಬರೀ ಬರೆಯುವುದಲ್ಲ, ಕಾಲಂ ಹಾಕಿ ಲೆಕ್ಕ ಇಡುವವಳು. ಇಟಗಿ ಸರ್ ಕೈಕೆಳಗೆ ಕಲಿತ ಮೊದಲ ವರ್ಷದ ಡೈರಿಯಲ್ಲಿ ಅವರಿಗಾಗಿ ಎರಡು ಕಾಲಂ ಇದ್ದವು. ಬೈದದ್ದು ಒಂದು, ಹೊಗಳಿದ್ದು ಇನ್ನೊಂದು. ಮೊದಲನೆಯದಕ್ಕೆ ಹಾಳೆಯ ಹಿಂಬದಿಯನ್ನೂ ಬಳಸಬೇಕಾಯಿತು. ಎರಡನೆಯದು ಈಗಲೂ ಹೊಸ ಹಾಳೆಯ ಹಾಗೆ ಇದೆ.

ಪುಣೆಯಲ್ಲಿ ಕಾತ್ರಜ್ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಹಳೆಯ ಮದುವೆ ಛತ್ರದ, ಅಲ್ಲಿಯವರು ಹೇಳುವ ಮಂಗಲ ಕಾರ್ಯಾಲಯದ, ಹಿಂದೆ ತಗಡಿನ ಶೆಡ್ಡಿನಲ್ಲಿ ನಮ್ಮ ಕ್ಲಬ್ಬು. ಏರ್ ಪಿಸ್ತೂಲು, ಸೀಸದ ಪೆಲೆಟ್ಟು, ಹತ್ತು ಮೀಟರ್ ದೂರದಲ್ಲಿ ಕಾಗದದ ಗುರಿ. ಮದುವೆಯ ಸೀಸನ್ನಿನಲ್ಲಿ ಆ ಕಡೆಯಿಂದ ಬ್ಯಾಂಡಿನ ಸದ್ದು, ಈ ಕಡೆಯಿಂದ ನಮ್ಮ ಪಟ್ ಪಟ್. ನಿಂತು ಗುರಿ ಹಿಡಿಯುವ ಜಾಗವನ್ನು ನಾವು ‘ಲೈನ್’ ಅನ್ನುತ್ತೇವೆ. ಆ ಲೈನಿಗೆ ಇಟಗಿ ಸರ್ ಒಡೆಯರು. ಕೊರಳಲ್ಲಿ ಹಿತ್ತಾಳೆಯ ಸೀಟಿ. ಅವರು ಊದಿದರೆ ಪಿಸ್ತೂಲು ಎತ್ತಬೇಕು, ಮತ್ತೆ ಊದಿದರೆ ಇಳಿಸಬೇಕು. ಅವರ ಮಾತಿಗೆ ಮೇಲ್ಮನವಿ ಇಲ್ಲ.

ಧಾರವಾಡದ ಕಡೆಯಿಂದ ಎಳೆ ವಯಸ್ಸಿನಲ್ಲೇ ಪುಣೆಗೆ ಬಂದವರು ಅವರು. ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ನಿವೃತ್ತಿಯವರೆಗೆ ದುಡಿದರು. ಯಂತ್ರದಿಂದ ಇಳಿದು ಬಂದ ಮಾಲನ್ನು ಅಳೆದು, ಸರಿಯಿಲ್ಲದ್ದಕ್ಕೆ ಕೆಂಪು ಬಣ್ಣದ ಗೀಟು ಎಳೆದು ಪಕ್ಕಕ್ಕೆ ಇಡುವುದು ಕೆಲಸ. ನಿವೃತ್ತಿಯಾದ ಮೇಲೆ ಕಾರ್ಖಾನೆ ಅವರನ್ನು ಬಿಟ್ಟಿತು, ಗೀಟು ಬಿಡಲಿಲ್ಲ. ಷರ್ಟಿನ ಜೇಬಿನಲ್ಲಿ ಹೆಂಗಸರ ಉಗುರಿನ ಬಣ್ಣದ ಒಂದು ಪುಟ್ಟ ಶೀಶೆ ಸದಾ ಇರುತ್ತಿತ್ತು, ಅಚ್ಚ ಕೆಂಪು. ಅದರ ಮುಚ್ಚಳದಲ್ಲೇ ಕುಂಚ ಇರುವುದರಿಂದ ಅದಕ್ಕಿಂತ ಅನುಕೂಲದ ಸಾಧನ ಇಲ್ಲ ಎನ್ನುವುದು ಅವರ ವಾದ. ಲಕ್ಷ್ಮೀ ರೋಡಿನ ಬಳೆ ಅಂಗಡಿಗೆ ತಾವೇ ಹೋಗಿ, ನಾಲ್ಕು ಶೀಶೆ ತೆರೆಸಿ, ತಮ್ಮ ಉಗುರಿಗೇ ಹಚ್ಚಿ ಒರೆಸಿ ನೋಡಿ, ಬಿಡದ ಬಣ್ಣವನ್ನೇ ತರುತ್ತಿದ್ದರು. ದಪ್ಪ ಮೀಸೆಯ ಈ ಮನುಷ್ಯ ಉಗುರಿಗೆ ಬಣ್ಣ ಹಚ್ಚಿಕೊಂಡು ಕೌಂಟರಿನಲ್ಲಿ ಜಗಳ ಆಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕ್ಲಬ್ಬಿನಲ್ಲಿ ಕಾಲು ಅಲ್ಲಾಡುವ ಕುರ್ಚಿಗೆ ಗೀಟು. ನಿಧಾನವಾಗಿ ಓಡುವ ಗೋಡೆ ಗಡಿಯಾರದ ಗಾಜಿಗೆ ಗೀಟು. ಚಹಾ ತರುವವನ ಥರ್ಮಾಸಿನ ಮೇಲೂ ಒಂದು ಗೀಟು ಇತ್ತು. ಒಮ್ಮೆ ಹಾಲು ಒಡೆದದ್ದರ ನೆನಪಿಗೆ. ಥರ್ಮಾಸು ಆಮೇಲೂ ಬರುತ್ತಿತ್ತು, ಇಟಗಿ ಸರ್ ಮಾತ್ರ ಅದರ ಚಹಾ ಕುಡಿಯುತ್ತಿರಲಿಲ್ಲ.

ಮೊದಲ ದಿನ ನಾನು ಅವರೆದುರು ನಿಂತಾಗ ಷಟರ್ ಇಳಿಯಿತು.

“ಹೆಸರು?”

“ಪ್ರತಿಮಾ, ಸರ್.”

“ಯಾವ ಕಡೆಯವರು?”

“ಕುಂದಾಪುರದವರು. ಸ್ವಾರಗೇಟ್ ಹತ್ತಿರ ಅಪ್ಪನ ಹೋಟೆಲ್ ಉಂಟು.”

“ಉಂಟೂ,” ಎಂದು ಅವರು ರಾಗ ಎಳೆದರು. ಪಕ್ಕದಲ್ಲಿದ್ದವರು ನಕ್ಕರು. ಕನ್ನಡ ತಿಳಿಯದವರೂ ನಕ್ಕರು. “ಹೋಟೆಲದಾಗ ದ್ವಾಸಿ ಹೊಳ್ಳಿಸಿ ಹಾಕೋದು ಬಿಟ್ಟು ಇಲ್ಲಿಗ್ಯಾಕ ಬಂದಿ?”

“ಗುರಿ ಕಲಿಯಲಿಕ್ಕೆ ಸರ್.”

“ಕೈ ಮುಂದ ಚಾಚು. ಹಂಗಽ ಹಿಡಿ.”

ಚಾಚಿದೆ. ಅವರು ಬಲಗಣ್ಣಿನಿಂದ ನನ್ನ ಬೆರಳ ತುದಿಯನ್ನು ನೋಡಿದರು. ಹೆದರಿಕೆಗೆ ಕೈ ನಡುಗಿತು. ಅವರು ಜೇಬಿನಿಂದ ಶೀಶೆ ತೆಗೆದು, ನಾನು ತುಂಬಿಸಿ ತಂದಿದ್ದ ಅರ್ಜಿಯ ಮೂಲೆಗೆ ಒಂದು ಗೀಟು ಎಳೆದರು.

“ರಿಜೆಕ್ಟ್. ಮೂರು ತಿಂಗಳು ನೀರ ಬಾಟಲಿ ಹಿಡದು ನಿಂದರು. ಆಮ್ಯಾಲ ನೋಡೂಣು.”

ಮೂರು ತಿಂಗಳು ಗೋಡೆಗೆ ಮುಖ ಮಾಡಿ, ನೀರು ತುಂಬಿದ ಬಾಟಲಿಯನ್ನು ಚಾಚಿದ ಕೈಯಲ್ಲಿ ಹಿಡಿದು ನಿಂತೆ. ನನ್ನ ಜೊತೆ ಸೇರಿದವರು ಪಿಸ್ತೂಲು ಹಿಡಿದು ಎರಡನೇ ಪಾಠಕ್ಕೆ ಹೋಗಿದ್ದರು. ಅಂದಿನಿಂದ ಅವರು ನನ್ನನ್ನು ಹೆಸರಿನಿಂದ ಕರೆಯಲೇ ಇಲ್ಲ. ಲೈನಿನ ಈ ತುದಿಯಿಂದ ಆ ತುದಿಗೆ ಕೇಳುವಂತೆ, “ಏ ಹೋಟೆಲ್” ಎಂದೇ ಕೂಗುತ್ತಿದ್ದರು.

ಅವರಿಗೆ ಒಂದು ಮಾತು ಇತ್ತು. ಕಾರ್ಖಾನೆಯಲ್ಲಿ ಮಾಲು ಅಳೆಯುವ ಉಪಕರಣಕ್ಕೆ ‘ಗೇಜ್’ ಅನ್ನುತ್ತಾರೆ. ಗೇಜೇ ಸವೆದಿದ್ದರೆ ಒಳ್ಳೆಯ ಮಾಲೂ ಕೆಟ್ಟದ್ದಾಗಿ ಕಾಣುತ್ತದೆ. ಅದಕ್ಕೇ ತಪಾಸಣೆಯವರು ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲು ಗೇಜನ್ನು ಪರೀಕ್ಷಿಸಬೇಕು. ನಾವು ಯಾರಾದರೂ ಈ ಪಿಸ್ತೂಲು ಎಡಕ್ಕೆ ಹೊಡೆಯುತ್ತದೆ, ಆ ಪೆಲೆಟ್ಟು ಸರಿಯಿಲ್ಲ ಎಂದು ದೂರಿದರೆ ಇಟಗಿ ಸರ್ ತಲೆ ಎತ್ತದೇ ಹೇಳುತ್ತಿದ್ದರು: “ಗೇಜ್ ಮೊದಲ, ಮಾಲ್ ಆಮ್ಯಾಲ.” ಅಂದರೆ ಮೊದಲು ನಿನ್ನ ಕೈ ನೋಡಿಕೋ, ನಿನ್ನ ಕಣ್ಣು ನೋಡಿಕೋ. ನನಗೆ ಅವರು ಇದನ್ನು ಎಷ್ಟು ಸಲ ಹೇಳಿದ್ದಾರೆಂದರೆ, ಆ ಎರಡು ಕಾಲಂಗಳ ಪಕ್ಕದಲ್ಲಿ ಇದಕ್ಕೇ ಮೂರನೆಯದೊಂದನ್ನು ಹಾಕಿದ್ದೆ.

ನಾನು ಅವರನ್ನು ನಿಜವಾಗಿ ದ್ವೇಷಿಸತೊಡಗಿದ್ದು ಒಂದು ಶನಿವಾರ. ಪಕ್ಕದವಳು ಏನೋ ಕೇಳಿದಳು. ಉತ್ತರ ಕೊಡಲು ನಾನು ಪಿಸ್ತೂಲು ಕೈಯಲ್ಲೇ ಹಿಡಿದು ಅವಳ ಕಡೆ ತಿರುಗಿದೆ. ಅರ್ಧ ತಿರುಗಿರಬೇಕು, ಸೀಟಿ ಶೆಡ್ಡಿನ ತಗಡನ್ನು ಸೀಳಿತು. ಲೈನಿನಲ್ಲಿದ್ದ ಹತ್ತೂ ಜನ ಪಿಸ್ತೂಲು ಕೆಳಗಿಟ್ಟರು. ಇಟಗಿ ಸರ್ ನನ್ನ ಹತ್ತಿರ ಬರಲಿಲ್ಲ. ನಿಂತಲ್ಲಿಂದಲೇ, ಎಲ್ಲರಿಗೂ ಅರ್ಥವಾಗಲೆಂದು ಮರಾಠಿಯಲ್ಲಿ ಹೇಳಿದರು: “ಹೀ ಮುಲಗೀ ಏಕ್ ದಿವಸ್ ಕುಣಾಲಾ ತರೀ ಮಾರೇಲ.” ಈ ಹುಡುಗಿ ಒಂದು ದಿನ ಯಾರನ್ನಾದರೂ ಕೊಲ್ಲುತ್ತಾಳೆ. ಆಮೇಲೆ ಕನ್ನಡದಲ್ಲಿ, ನನಗೊಬ್ಬಳಿಗೇ: “ಹೊರಗ ನಡಿ. ಇವತ್ತ ನಿನ್ನ ಮಾರಿ ಕಾಣಿಸಬ್ಯಾಡ.”

ನಿಯಮ ಅವರ ಕಡೆಗೇ ಇತ್ತು. ಪಿಸ್ತೂಲಿನ ಬಾಯಿ ಗುರಿಯ ದಿಕ್ಕು ಬಿಟ್ಟು ಕದಲಬಾರದು. ಅದರೊಳಗೆ ಪೆಲೆಟ್ ಇರಲಿ ಇಲ್ಲದಿರಲಿ. ಅವರ ಕಡೆ ನ್ಯಾಯ ಇದ್ದದ್ದೇ ನನ್ನ ಸಿಟ್ಟನ್ನು ಹೆಚ್ಚಿಸಿತು. ಇದೇ ತಪ್ಪಿಗೆ ಒಬ್ಬ ಬಿಲ್ಡರನ ಮಗನನ್ನೂ ಅವರು ಹೀಗೇ ಓಡಿಸಿದ್ದರು. ಅಪ್ಪ ಫೋನು ಮಾಡಿ, ಕ್ಲಬ್ಬಿನ ಚಾವಣಿಗೆ ಹೊಸ ತಗಡು ಹಾಕಿಸಿದ್ದು ತಾನೇ ಎಂದು ನೆನಪಿಸಿದ್ದ. ಇಟಗಿ ಸರ್ ಚಾವಣಿ ನೋಡಿ, “ಅದೂ ಸೋರತದ,” ಎಂದು ಫೋನು ಇಟ್ಟಿದ್ದರು. ಅವರ ಹಗೆತನದಲ್ಲಿ ಪಕ್ಷಪಾತ ಇರಲಿಲ್ಲ. ಅದರಿಂದ ನನಗೇನೂ ಸಮಾಧಾನವಾಗಲಿಲ್ಲ.

ಅವರು ತಾವೇ ಪಿಸ್ತೂಲು ಹಿಡಿದು ಹೊಡೆಯುವುದನ್ನು ನಿಲ್ಲಿಸಿ ಕೆಲವು ವರ್ಷಗಳಾಗಿದ್ದವು. ಹಳಬರು ಅವರ ಗುರಿಯ ಬಗ್ಗೆ ಕತೆಗಳನ್ನು ಹೇಳುತ್ತಿದ್ದರು. ಯಾಕೆ ನಿಲ್ಲಿಸಿದಿರಿ ಎಂದು ಅವರನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಹೀಗಿರುವಾಗ ಆ ವರ್ಷದ ಅಂತರ-ಕ್ಲಬ್ ಪಂದ್ಯದಲ್ಲಿ ಒಂದು ಹೊಸ ವಿಭಾಗ ಸೇರಿತು: ರೆಡ್ ಡಾಟ್ ಸೈಟ್ ಕೂರಿಸಿದ ಪಿಸ್ತೂಲಿನದು. ಮಾಮೂಲಿ ಪಿಸ್ತೂಲಿನಲ್ಲಿ ಗುರಿ ಹಿಡಿಯಲು ಹಿಂದೆ ಒಂದು ಕಚ್ಚು, ಮುಂದೆ ಒಂದು ಗೂಟ ಇರುತ್ತದೆ. ಎರಡನ್ನೂ ಸಾಲಾಗಿಸಿ, ಆಚೆಯ ಕಪ್ಪು ವೃತ್ತದ ಕೆಳಗೆ ನಿಲ್ಲಿಸಬೇಕು. ರೆಡ್ ಡಾಟ್ ಹಾಗಲ್ಲ. ಪಿಸ್ತೂಲಿನ ಬೆನ್ನ ಮೇಲೆ ಒಂದು ಪುಟ್ಟ ಗಾಜಿನ ಕಿಟಕಿ. ಅದರಲ್ಲಿ ನೋಡಿದರೆ ಒಂದು ಕೆಂಪು ಚುಕ್ಕಿ ಗುರಿಯ ಮೇಲೇ ತೇಲುತ್ತಿರುವಂತೆ ಕಾಣುತ್ತದೆ. ಚುಕ್ಕಿ ಇದ್ದಲ್ಲಿ ಪೆಲೆಟ್ಟು ಹೋಗುತ್ತದೆ. ಎರಡೂ ಕಣ್ಣು ತೆರೆದೇ ಹೊಡೆಯಬಹುದು.

“ಆಟಿಗಿ ಸಾಮಾನ,” ಎಂದರು ಇಟಗಿ ಸರ್. ಆದರೆ ಕ್ಲಬ್ಬಿನ ಕಾರ್ಯದರ್ಶಿ ಸುನಂದಾತಾಯಿ ಹಟ ಹಿಡಿದರು. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು, ಇಟಗಿ ಸರ್ ಎದುರು ದನಿ ತಗ್ಗಿಸದೆ ಮಾತಾಡಬಲ್ಲವರು ಅವರೊಬ್ಬರೇ. ನಾಲ್ಕು ಜನರ ಹೆಸರು ಕಳಿಸುವುದು, ನಾಲ್ಕಕ್ಕೂ ಒಂದೇ ಮಾದರಿಯ ಸೈಟ್ ಕೊಳ್ಳುವುದು, ಮಾದರಿಯನ್ನು ಇಟಗಿ ಸರ್ ಪಾಸ್ ಮಾಡುವುದು. ಅವರು ಪಾಸ್ ಮಾಡದಿದ್ದರೆ ಹೆಸರೂ ಹೋಗುವುದಿಲ್ಲ. ಆ ನಾಲ್ವರಲ್ಲಿ ನಾನೂ ಇದ್ದೆ. ಬಾಟಲಿ ಹಿಡಿದು ಗೋಡೆ ನೋಡಿದವಳಿಗೆ ಮೊದಲ ಪಂದ್ಯ. ಅದು ತಪ್ಪಿದರೆ ಇನ್ನೊಂದು ವರ್ಷ ‘ಏ ಹೋಟೆಲ್’.

ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಅಂಗಡಿ ಇಟ್ಟಿದ್ದ ಫಡತರೆ ಎನ್ನುವವರು ಮೂರು ಮಾದರಿ ತಂದು ಮೇಜಿನ ಮೇಲೆ ಇಟ್ಟರು. ಮೊದಲನೆಯದು ಕೊಳವೆಯಂಥದ್ದು. ಗಟ್ಟಿಮುಟ್ಟು, ಆದರೆ ಭಾರ. ಪಿಸ್ತೂಲಿನ ಮೂಗು ಕೆಳಗೆ ಬಾಗುತ್ತಿತ್ತು. ಅದರ ಚುಕ್ಕಿಯೂ ದಪ್ಪ. ಗುರಿಯ ಕಪ್ಪು ನಡುಭಾಗವನ್ನೇ ಮುಚ್ಚಿಬಿಡುತ್ತಿತ್ತು. ಏನನ್ನು ಹೊಡೆಯುತ್ತಿದ್ದೇವೆ ಎಂದೇ ಕಾಣದಿದ್ದರೆ ಸೈಟ್ ಯಾಕೆ? ಎರಡನೆಯದಕ್ಕೆ ಒಂದೇ ಗಾಜು, ಹಗುರ ಚೌಕಟ್ಟು, ಸಾಸಿವೆಯಷ್ಟು ಸಣ್ಣ ಚುಕ್ಕಿ. ಬೆಳಕನ್ನು ಹೆಚ್ಚು ಕಡಿಮೆ ಮಾಡಲು ಪಕ್ಕದಲ್ಲಿ ಎರಡು ಗುಂಡಿ. ಮೂರನೆಯದು ಅಗಲ ಕಿಟಕಿಯದು. ಗುಂಡಿ ಒತ್ತಿದರೆ ಚುಕ್ಕಿ, ಇನ್ನೊಮ್ಮೆ ಒತ್ತಿದರೆ ಬಳೆ, ಮತ್ತೊಮ್ಮೆ ಒತ್ತಿದರೆ ಶಿಲುಬೆ, ಬೇಕಾದರೆ ಹಸಿರು. ಬಿಚ್ಚಿ ಮತ್ತೆ ಕೂರಿಸಿದರೆ ಮಾತ್ರ ಮೊದಲಿದ್ದ ಜಾಗಕ್ಕೆ ಬರುತ್ತಿರಲಿಲ್ಲ.

ನಾನು ಮೂರನ್ನೂ ಒಂದೇ ಪಿಸ್ತೂಲಿಗೆ ಕೂರಿಸಿ, ಅದೇ ಪೆಲೆಟ್ಟಿನಿಂದ, ಕೈಗೆ ಆಧಾರ ಕೊಟ್ಟು ಹೊಡೆದೆ. ತೂತುಗಳು ಎಷ್ಟು ಹತ್ತಿರ ಬಿದ್ದಿವೆ ಎಂದು ಅಳೆದು ಬರೆದುಕೊಂಡೆ. ಎರಡನೆಯದೇ ಸರಿ ಅನ್ನುವುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಇಟಗಿ ಸರ್ ಎರಡನೆಯದನ್ನು ಕೈಗೆತ್ತಿಕೊಂಡರು. ಎಡಗಣ್ಣು ಮುಚ್ಚಿದರು. ಬೆಳಕು ಕಡಿಮೆ ಮಾಡಿದರು, ಇನ್ನೂ ಕಡಿಮೆ ಮಾಡಿದರು. ಗಾಜನ್ನು ಬಟ್ಟೆಯಿಂದ ಒರೆಸಿದರು.

“ಚುಕ್ಕಿ ಎಲ್ಲದ ಇದರಾಗ? ಒಡದದ. ಬಾಲ ಬಂದದ.”

ಗೀಟು ಬಿತ್ತು. ಕೊಳವೆಯದಕ್ಕೂ ಬಾಲ, ಅಗಲ ಕಿಟಕಿಯದಕ್ಕೂ ಬಾಲ. ಮೂರಕ್ಕೂ ಗೀಟು.

ಫಡತರೆ ಮರುದಿನ ಎರಡನೆಯದರ ಇನ್ನೊಂದು ಹೊಸ ಡಬ್ಬಿ ಒಡೆದು ತಂದರು. ಅದಕ್ಕೂ ಗೀಟು. ಅದರ ಮರುದಿನ ಮತ್ತೊಂದು.

“ಅಹೋ ಸಾಹೇಬ, ಮೀ ಹೇ ಘರೀ ಬನವತ್ ನಾಹೀ,” ಎಂದರು ಫಡತರೆ, ಮುಖ ಕೆಂಪಾಗಿ. ಇವನ್ನೇನು ನಾನು ಮನೆಯಲ್ಲಿ ಮಾಡುತ್ತೇನೆಯೇ?

“ಮನ್ಯಾಗ ಮಾಡಿದ್ರ ಇದಕ್ಕಿಂತ ಛಲೋ ಆಗ್ತಿತ್ತು,” ಎಂದರು ಇಟಗಿ ಸರ್ ಕನ್ನಡದಲ್ಲಿ. ಅದನ್ನು ಅನುವಾದಿಸಿ ಹೇಳು ಎಂದು ನನಗೆ ಸನ್ನೆ ಮಾಡಿದರು. ನಾನು ಹೇಳಲಿಲ್ಲ.

ಫಡತರೆ ಹೊರಗೆ ಸ್ಕೂಟರಿನ ಹತ್ತಿರ ನಿಂತು ನನಗೆ ಮರಾಠಿಯಲ್ಲಿ ಹೇಳಿದರು, “ಈ ಮನುಷ್ಯ ಹುಣ್ಣಿಮೆ ಚಂದ್ರನಿಗೂ ಗೀಟು ಹಾಕಿ ವಾಪಸ್ ಕಳಿಸ್ತಾನೆ. ನಿಮ್ಮ ಕ್ಲಬ್ಬಿನ ಸಹವಾಸ ಸಾಕು ನನಗೆ.”

ನನಗೆ ಒಂದು ವಿಷಯ ತಲೆಯಲ್ಲಿ ಕೂತಿತ್ತು. ನಾನು ನೋಡಿದಾಗ ಎರಡನೆಯದರ ಚುಕ್ಕಿ ಗುಂಡಗಿತ್ತು. ಸುನಂದಾತಾಯಿಗೂ ಗುಂಡಗೆ ಕಂಡಿತ್ತು. ಇಟಗಿ ಸರ್ ಊಟಕ್ಕೆ ಹೋದ ಹೊತ್ತಿನಲ್ಲಿ ನಾನು ಗೀಟು ಬಿದ್ದ ಆ ಸೈಟನ್ನು ಮೇಜಿನ ಮೇಲೆ ಗಟ್ಟಿಯಾಗಿ ನಿಲ್ಲಿಸಿ, ಕಣ್ಣಿಡುವ ಜಾಗದಲ್ಲಿ ಫೋನಿನ ಕ್ಯಾಮೆರಾ ಇಟ್ಟು, ದೂರದ ಗುರಿಗೆ ಫೋಕಸ್ ಮಾಡಿ ಚಿತ್ರ ತೆಗೆದೆ. ಬೆಳಕು ಬದಲಿಸಿ ಇನ್ನೊಂದು, ಮತ್ತೊಂದು. ಎಲ್ಲದರಲ್ಲೂ ಚುಕ್ಕಿ ಹಣೆಗೆ ಇಟ್ಟ ಕುಂಕುಮದಷ್ಟು ಗುಂಡಗೆ ಇತ್ತು.

ಭಾನುವಾರ ಮೀಟಿಂಗು. ಅಂದೇ ಹೆಸರು ಕಳಿಸಲು ಕೊನೆಯ ದಿನ. ಶೆಡ್ಡಿನಲ್ಲಿ ಮೇಜು, ಸುನಂದಾತಾಯಿ, ನಾವು ನಾಲ್ವರು, ಇಟಗಿ ಸರ್. ಬಾಗಿಲ ಹತ್ತಿರ ಫಡತರೆ, ತಮ್ಮ ಮಾಲು ವಾಪಸ್ ಒಯ್ಯಲು ಚೀಲ ಹಿಡಿದು ನಿಂತಿದ್ದರು.

“ಎಲ್ಲಾ ರಿಜೆಕ್ಟ್,” ಎಂದರು ಇಟಗಿ ಸರ್. “ಹೆಸರು ಕಳಸಬ್ಯಾಡ್ರಿ.”

ನಾನು ಎದ್ದು ನಿಂತೆ. “ಸರ್, ಸೈಟ್ ಸರಿ ಉಂಟು.”

ಷಟರ್ ಇಳಿಯಿತು. “ಉಂಟೂ. ನಿನಗ್ಯಾರು ಕೇಳಿದ್ರು, ಹೋಟೆಲ್?”

ನಾನು ಫೋನನ್ನು ಅವರ ಮುಂದೆ ಇಟ್ಟೆ. ಒಂದೊಂದೇ ಚಿತ್ರ ಸರಿಸಿದೆ. ಅವರು ನೋಡಿದರು. ಮೀಸೆ ಒಂದು ಸಲ ಅಲ್ಲಾಡಿತು.

“ಫೋನ್ ಖರೇ ಹೇಳತದೇನು? ನಮ್ಮ ಓಣ್ಯಾಗ ಎಲ್ಲಾ ಹುಡುಗ್ಯಾರ ಮಾರಿ ಫೋನಿನ್ಯಾಗ ಬೆಳ್ಳಗ ಕಾಣತಾವ. ಖರೇನ ಬೆಳ್ಳಗ ಅವೇನು?”

ಎಲ್ಲರೂ ನಕ್ಕರು. ಮಾತು ತಿಳಿಯದ ಫಡತರೆ ಕೂಡ. ಆ ನಗು ಇಳಿಯುವವರೆಗೆ ಕಾದೆ. ಒಂದು ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು, ಅವಸರ ಇರಲಿಲ್ಲ.

“ಗೇಜ್ ಮೊದಲು, ಸರ್.”

“ಏನಂದಿ?”

“ನೀವೇ ಹೇಳುದಲ್ವಾ. ಗೇಜ್ ಮೊದಲು, ಮಾಲ್ ಆಮೇಲೆ. ಇಷ್ಟು ಮಾಲ್ ವಾಪಸ್ ಕಳಿಸಿದ್ರಿ. ನಿಮ್ಮ ಗೇಜ್ ಯಾರು ನೋಡಿದ್ದಾರೆ?”

ಮಂಗಲ ಕಾರ್ಯಾಲಯದಲ್ಲಿ ಯಾರೋ ಮೈಕ್ ಪರೀಕ್ಷಿಸುತ್ತಿದ್ದರು. ನನಗೆ ತುಂಬಾ ಖುಷಿಯಾಗಿತ್ತು. ಇಲ್ಲ ಎಂದು ಈಗ ಬರೆಯುವುದಿಲ್ಲ.

ಅವರು ಬೈಯುತ್ತಾರೆಂದು ಕಾದೆವು. ಅವರು ಬೈಯಲಿಲ್ಲ. ಮೇಜಿನ ಮೇಲಿದ್ದ ಪಿಸ್ತೂಲಿನಿಂದ ಎರಡನೆಯ ಮಾದರಿಯ ಸೈಟನ್ನು ಬಿಚ್ಚಿದರು. ಬರೀ ಸೈಟನ್ನು ಎರಡು ಬೆರಳಲ್ಲಿ ಹಿಡಿದು ಬಲಗಣ್ಣಿನ ಮುಂದೆ ತಂದು, ಆಚೆ ತುದಿಯ ಬಿಳಿ ಗೋಡೆಯ ಕಡೆ ನೋಡಿದರು. ಹಾಗೆ ನೋಡುತ್ತಲೇ ಅದನ್ನು ಗಡಿಯಾರದ ಮುಳ್ಳಿನಂತೆ ನಿಧಾನವಾಗಿ ತಿರುಗಿಸಿದರು. ನೆಟ್ಟಗಿದ್ದದ್ದು ಅಡ್ಡವಾಯಿತು, ಅಡ್ಡವಿದ್ದದ್ದು ತಲೆಕೆಳಗಾಯಿತು. ಇನ್ನೊಮ್ಮೆ ಮೊದಲಿನಿಂದ. ಆಮೇಲೆ ನಾವು ಯಾರೂ ಎಂದೂ ಕಾಣದ ಕೆಲಸ ಮಾಡಿದರು. ಬಲಗಣ್ಣು ಮುಚ್ಚಿ, ಎಡಗಣ್ಣು ತೆರೆದರು. ಅದರಿಂದ ಬಹಳ ಹೊತ್ತು ನೋಡಿದರು.

ಸೈಟನ್ನು ಮೇಜಿನ ಮೇಲೆ ಇಟ್ಟರು.

“ತಿರಗಲಿಲ್ಲ,” ಎಂದರು.

“ಏನು ತಿರುಗಲಿಲ್ಲ?” ಎಂದು ಸುನಂದಾತಾಯಿ ಮರಾಠಿಯಲ್ಲಿ ಕೇಳಿದರು.

ಇಟಗಿ ಸರ್ ಕನ್ನಡದಲ್ಲಿ, ನನ್ನ ಕಡೆ ನೋಡದೇ ಹೇಳಿದರು. “ಬಾಲ. ಸೈಟಿನ ಜೋಡಿ ಬಾಲನೂ ತಿರಗಿದ್ರ ತಪ್ಪು ಸೈಟಿಂದು. ಸೈಟ್ ತಿರಗಿದ್ರೂ ಬಾಲ ಇದ್ದಲ್ಲೇ ನಿಂತದ. ತಪ್ಪು ಇದರದು.” ಬಲಗಣ್ಣಿನ ಕೆಳಗೆ ಬೆರಳು ಇಟ್ಟರು. “ಎಡಗಣ್ಣಿಗೆ ಗುಂಡಗ ಅದ.” ಆಮೇಲೆ ನನಗೆ, “ಸುನಂದಾತಾಯಿಗೆ ಮರಾಠಿಯೊಳಗ ಹೇಳು. ಈ ಸಲನಾದ್ರೂ ಹೇಳು.”

ನಾನು ಅನುವಾದಿಸಿ ಹೇಳಿದೆ.

ಆ ಸಂಜೆ ಡೈರಿಯಲ್ಲಿ ಒಂದು ಮಾತು ಬರೆದಿದ್ದೇನೆ. ಆ ಗಾಜಿನಲ್ಲಿ ಅವರಿಗೆ ಏನು ಕಂಡಿತು ಎನ್ನುವುದು ಅವರಿಗಲ್ಲದೆ ಭೂಮಿಯ ಮೇಲೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ತಿರುಗಿತು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಫೋನನ್ನು ಅವರು ಆಗಲೇ ನಗೆಯಲ್ಲಿ ತಳ್ಳಿಹಾಕಿದ್ದರು. ಹೆಸರು ಹೋಗುತ್ತಿರಲಿಲ್ಲ, ಫಡತರೆ ಚೀಲ ತುಂಬಿಕೊಂಡು ನಡೆಯುತ್ತಿದ್ದರು, ನಾನು ಗೋಡೆಯ ಕಡೆಗೆ. ಬರೆದ ಕೆಳಗೆ ಇನ್ನೊಂದು ವಾಕ್ಯವೂ ಇದೆ: ಆದರೂ ಈ ಮನುಷ್ಯನನ್ನು ಕಂಡರೆ ನನಗಾಗದು.

ಅವರು ಚಹಾದವನಿಂದ ಒಂದು ಬಟ್ಟೆ ಕೇಳಿ ಪಡೆದರು. ಆ ಸೈಟಿನ ಮೇಲಿನ ಗೀಟನ್ನು ಉಗುರಿನಿಂದ ಕೆರೆದು ಒರೆಸಿದರು. ಅವರೇ ಆರಿಸಿ ತಂದ ಬಣ್ಣ, ಪೂರ್ತಿ ಹೋಗಲಿಲ್ಲ. “ಪಾಸ್,” ಎಂದು ಅದನ್ನು ಸುನಂದಾತಾಯಿಯ ಕಡೆಗೆ ಸರಿಸಿದರು. “ಕೊಳವಿದು ಬ್ಯಾಡ, ಚುಕ್ಕಿ ದಪ್ಪ. ಅಗಲ ಕಿಟಕೀದು ಬ್ಯಾಡ, ಕೂಡೂ ಜಾಗಾ ಸಡಲ ಅದ. ಇದು ನಡೀತದ.”

ಆಮೇಲೆ ಕೊರಳಿನಿಂದ ಸೀಟಿ ತೆಗೆದರು. ಶೀಶೆಯ ಮುಚ್ಚಳ ತಿರುಗಿಸಿ, ಹಿತ್ತಾಳೆಯ ಮೇಲೆ ಒಂದು ಗೀಟು ಎಳೆದರು. ಬಣ್ಣ ಹಸಿ ಇತ್ತು. ಅದನ್ನು ಬಾಯಿಯ ಹತ್ತಿರ ಹಿಡಿದು ಊದಿ ಊದಿ ಒಣಗಿಸಿದರು, ಹಬ್ಬಕ್ಕೆ ಹೊರಟ ಹುಡುಗಿ ಉಗುರು ಒಣಗಿಸಿಕೊಳ್ಳುವ ಹಾಗೆ. ಯಾರೂ ನಗಲಿಲ್ಲ. ಒಣಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದರು. ಮೇಜಿನ ಮೇಲೆ ಇಟ್ಟರು.

“ಇಟಗಿಸಾಹೇಬ, ಅಸಂ ಕಾಯ್ ಕರತಾ,” ಎಂದರು ಸುನಂದಾತಾಯಿ. ಹೀಗೇನು ಮಾಡುತ್ತೀರಿ?

“ಬಂದೂಕಿನ ಮುಂದ ನಿಂದರೂ ಮನಶ್ಯಾನ ಕಣ್ಣಿಗೆ ಬಾಲ ಬಂದ್ರ ನಡೀತದೇನ್ರಿ?” ಎಂದು ಅವರು ಕನ್ನಡದಲ್ಲೇ ಕೇಳಿ, ಉತ್ತರಕ್ಕೆ ಕಾಯದೆ ಹೊರಗೆ ನಡೆದರು. ಬಾಗಿಲಲ್ಲಿ ಫಡತರೆ ದಾರಿ ಬಿಟ್ಟು ನಿಂತರು. ಇಟಗಿ ಸರ್ ಅವರ ಚೀಲ ನೋಡಿ, “ಈ ಚೀಲದ ಹೊಲಿಗಿ ಬಿಟ್ಟದ,” ಎಂದು ಹೋದರು.

ಪಂದ್ಯದಲ್ಲಿ ನಾನು ನಡುಭಾಗದಲ್ಲಿ ಎಲ್ಲೋ ಬಂದೆ. ಸೈಟಿನ ತಪ್ಪೇನೂ ಇರಲಿಲ್ಲ.

ಇಟಗಿ ಸರ್ ಜಾಗಕ್ಕೆ ಹೊಸ ಕೋಚ್ ಒಬ್ಬರು ಬಂದರು. ಮೃದು ಮಾತಿನವರು, ನಮ್ಮನ್ನು ಹೆಸರಿನಿಂದ ಕರೆಯುವವರು, ಪ್ಲಾಸ್ಟಿಕ್ ಸೀಟಿಯವರು. ನಾವೆಲ್ಲ ಹಬ್ಬ ಬಂದ ಹಾಗೆ ಇದ್ದೆವು. ಎರಡನೇ ತಿಂಗಳಲ್ಲಿ ಒಬ್ಬ ಹುಡುಗ ಪೆಲೆಟ್ ತುಂಬಿದ ಪಿಸ್ತೂಲು ಎತ್ತಿ ಹಿಡಿದು, ಗುರಿಗೆ ಬೆನ್ನು ಮಾಡಿ ಸೆಲ್ಫಿ ತೆಗೆಯಲು ನಿಂತ. ಪಿಸ್ತೂಲಿನ ಬಾಯಿ ನಮ್ಮ ನಾಲ್ವರ ಮುಖದ ಮೇಲೆ ಹಾದುಹೋಯಿತು. ಹೊಸಬರು, “ಅರೇ, ಪ್ಲೀಸ್,” ಎಂದರು. ಹುಡುಗ ನಕ್ಕ. ಆಗ ಶೆಡ್ಡು ನಡುಗುವ ಹಾಗೆ ಯಾರೋ ಕಿರುಚಿದರು: “ಹೊರಗ ನಡಿ. ಮಾರಿ ಕಾಣಿಸಬ್ಯಾಡ.” ಎಲ್ಲರೂ ನನ್ನ ಕಡೆ ನೋಡಿದ ಮೇಲೆ ಗೊತ್ತಾಯಿತು, ಕಿರುಚಿದ್ದು ನಾನು. ಅದೂ ನಮ್ಮ ಮನೆಯಲ್ಲಿ ಯಾರೂ ಆಡದ ಕನ್ನಡದಲ್ಲಿ.

ಆ ವಾರವೇ ಸುನಂದಾತಾಯಿ ನನ್ನನ್ನು ಕರೆದು ಇಟಗಿ ಸರ್ ಬಿಟ್ಟುಹೋದ ಸೀಟಿ ಕೊಟ್ಟರು. ಇಟಗಿ ಸರ್‌ಗೆ ಬಲಗಣ್ಣಿನ ಪೊರೆಯ ಆಪರೇಷನ್ ಆಗಿದೆ, ಈಗ ಸರಿಯಾಗಿದೆಯಂತೆ, ಹೋಗಿ ಕರೆದುಕೊಂಡು ಬಾ ಎಂದರು. ನಾನೇ ಯಾಕೆ ಎಂದು ಕೇಳಿದೆ. “ಬೇರೆಯವರು ಹೋದರೆ ಅವರು ಬಾಗಿಲೇ ತೆಗೆಯುವುದಿಲ್ಲ,” ಎಂದರು. “ನೀನು ಹೋದರೆ ಬೈಯಲಿಕ್ಕಾದರೂ ತೆಗೀತಾರೆ.”

ಬಿಬವೇವಾಡಿಯ ಒಂದು ಹಳೇ ಕಟ್ಟಡ, ಮೂರನೇ ಮಹಡಿ. ಲಿಫ್ಟಿನ ಬಾಗಿಲ ಮೇಲೆ ಕೆಂಪು ಗೀಟು ಇತ್ತು. ಮೆಟ್ಟಿಲು ಹತ್ತಿದೆ. ಅವರೇ ಬಾಗಿಲು ತೆಗೆದರು, ಒಂದು ಗೇಣಿನಷ್ಟು. ಎರಡೂ ಕಣ್ಣು ತೆರೆದಿದ್ದವು. ಹಾಗೆ ಮೊದಲ ಸಲ ನೋಡಿದ್ದರಿಂದ ಬೇರೆ ಯಾರೋ ಎನಿಸಿತು.

ಒಳಗಿನಿಂದ ಅವರ ಹೆಂಡತಿ ಕೇಳಿದರು, “ಯಾರ್ರೀ ಅದು?”

“ಯಾರೂ ಇಲ್ಲ. ಹೋಟೆಲದವರು. ತಪ್ಪಿ ಬಂದಾರ.”

ನಾನು ಬಂದ ಕಾರಣ ಹೇಳಿದೆ. ಸೆಲ್ಫಿ ಹುಡುಗನ ವಿಷಯವನ್ನೂ, ಯಾರೋ ಅವನ ಮೇಲೆ ಕಿರುಚಿದ್ದನ್ನೂ ಹೇಳಿದೆ. ಪಿಸ್ತೂಲಿನ ಬಾಯಿ ಎಲ್ಲಿಂದ ಎಲ್ಲಿಗೆ ತಿರುಗಿತು ಎಂದು ಕೇಳಿದರು. ಕೈಯಿಂದ ತೋರಿಸಿದೆ. ಅವರ ದವಡೆ ಬಿಗಿಯಿತು. ಒಂದು ಕ್ಷಣ, ಬರುತ್ತಾರೆ ಎಂದುಕೊಂಡೆ. ಸೀಟಿಯನ್ನು ಅಂಗೈಯಲ್ಲಿಟ್ಟು ಚಾಚಿದೆ. ಈ ಸಲ ಕೈ ನಡುಗಲಿಲ್ಲ. ಅವರು ಮೊದಲು ನೋಡಿದ್ದು ಅದನ್ನೇ ಎಂದು ನನಗೆ ಗೊತ್ತು.

“ಇದರ ಮ್ಯಾಲಿನ ಗೀಟು ಯಾರು ಹಾಕ್ಯಾರ?”

“ನೀವೇ, ಸರ್.”

“ಹಂಗಾದ್ರ?”

“ಆ ಸೈಟಿಗೂ ನೀವೇ ಹಾಕಿದ್ದು. ಆಮೇಲೆ ಒರೆಸಿದಿರಲ್ಲ.”

“ಅದರ ಮ್ಯಾಲಿನ ಗೀಟು ತಪ್ಪಿತ್ತು. ಇದರ ಮ್ಯಾಲಿಂದು ಅವತ್ತ ಬರೋಬ್ಬರಿ ಇತ್ತು. ಬರೋಬ್ಬರಿ ಹಾಕಿದ್ದು ಒರಸಂಗಿಲ್ಲ.” ಸೀಟಿಯಿಂದ ಕಣ್ಣು ಎತ್ತಿದರು. “ಕಿರುಚಿದ್ದು ಯಾರು? ಆ ಹುಡುಗನ ಮ್ಯಾಲ?”

“ನಾನು.”

“ಹೂಂ.”

ಅವರು ಸೀಟಿಯನ್ನು ಮುಟ್ಟಲೂ ಇಲ್ಲ. ನನ್ನ ಬೆರಳುಗಳನ್ನು ಅದರ ಮೇಲೆ ಮಡಚು ಎಂದು ಗಲ್ಲ ಎತ್ತಿ ಸನ್ನೆ ಮಾಡಿದರು. ಮಡಚಿದೆ.

“ಕಣ್ಣು ಹೇಗೆ ಉಂಟು ಸರ್ ಈಗ?” ಎಂದು ಕೇಳಿದೆ. ಉಂಟು ಎನ್ನುವುದನ್ನು ಬೇಕೆಂದೇ ಒತ್ತಿ ಹೇಳಿದೆ.

ಅವರು ಬಲಗಣ್ಣು ಮುಚ್ಚಿದರು. ಷಟರ್ ಅದೇ, ಅಂಗಡಿ ಬೇರೆ. ಅಂದು ಚುಕ್ಕಿಯನ್ನು ಗುಂಡಗೆ ಕಂಡಿದ್ದ ಎಡಗಣ್ಣು ನನ್ನ ಹುಬ್ಬುಗಳ ನಡುವೆ ಬಂದು ನಿಂತಿತು.

“ಈಗ ಬರೋಬ್ಬರಿ ಕಾಣಸ್ತೀ,” ಎಂದರು. “ಅಭಿಪ್ರಾಯ ಅದೇ ಅದ.”

ಬಾಗಿಲು ಹಾಕಿಕೊಂಡರು. ಒಳಗಿನಿಂದ ಚಿಲಕ ಬಿತ್ತು. ಅವರನ್ನು ನಾನು ನೋಡಿದ್ದು ಅದೇ ಕೊನೆ.